ಕೆತ್ತನೆ ಅರ್ಧಕ್ಕೆ ಬಂದಾಗ ಕಂಪ್ಯೂಟರ್ ರೀಸ್ಟಾರ್ಟ್, ಕೆಲವೊಮ್ಮೆ ವೈ ಆಕ್ಸಿಸ್ 3 ಎಂಎಂ ಜರುಗುತ್ತದೆ: ಮ್ಯಾಕ್3, ಹಳೇ ಪಿಸಿ

ಸಾಗರದಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನನ್ನದೊಂದು ಚಿಕ್ಕ ಮರಗೆಲಸದ ವರ್ಕ್‌ಶಾಪ್ ಇದೆ. ಬಾಗಿಲು, ದೇವರ ಮಂಟಪ, ಜಾಲರಿ ಕೆಲಸ. 8 ಅಡಿಗೆ 4 ಅಡಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮೆಷಿನ್), 2.2 ಕಿಲೋವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್ (ಕೆತ್ತುವ ಬಿಟ್ಟನ್ನು ತಿರುಗಿಸುವ ಮೋಟಾರ್), ಅದನ್ನು ಆಚೀಚೆ ಸರಿಸಲು ಸ್ಟೆಪ್ಪರ್ ಮೋಟಾರ್. ಕಂಪ್ಯೂಟರ್ ಹಳೇ ಕೋರ್ 2 ಡ್ಯುಯೋ, ವಿಂಡೋಸ್ 7 32 ಬಿಟ್, ಅದರಲ್ಲಿ ಮೆಷಿನ್ ಓಡಿಸುವ ಸಾಫ್ಟ್‌ವೇರ್ ಮ್ಯಾಕ್3. ಮದರ್‌ಬೋರ್ಡಿನ ಪ್ಯಾರಲಲ್ ಪೋರ್ಟಿನಿಂದಲೇ (ಹಳೇ ಪ್ರಿಂಟರ್ ಪೋರ್ಟ್) ಮೆಷಿನ್ ಓಡುತ್ತದೆ.

ಐದಾರು ವರ್ಷ ತಕರಾರಿಲ್ಲದೆ ನಡೆಯಿತು. ಫೆಬ್ರವರಿಯಿಂದ ತಲೆನೋವು ಶುರುವಾಗಿದೆ. ವಾರಕ್ಕೆ ಎರಡು ಸಲ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಇನ್ನು ಕೆಲವು ಸಲ ರೀಸ್ಟಾರ್ಟ್ ಏನೂ ಆಗುವುದಿಲ್ಲ, ಕೆಲಸ ನಡೆಯುತ್ತಲೇ ಇರುತ್ತದೆ, ಆದರೆ ಕೆತ್ತನೆ 3 ಎಂಎಂ ಪಕ್ಕಕ್ಕೆ ಜರುಗಿರುತ್ತದೆ. ಹೋದ ವಾರ ಒಂದು ತೇಗದ ಬಾಗಿಲು ಹಾಳಾಯಿತು. ಗಿರಾಕಿಗೆ ಏನು ಹೇಳಲಿ? ಮಧ್ಯೆ ಮಧ್ಯೆ ಲಿಮಿಟ್ ಸ್ವಿಚ್ (ಮೆಷಿನ್ ಅಂಚು ದಾಟದಂತೆ ತಡೆಯುವ ಸ್ವಿಚ್) ಮುಟ್ಟಿದೆ ಎಂದು ಸುಮ್ನೆ ನಿಂತುಬಿಡುತ್ತದೆ. ಹೋಗಿ ನೋಡಿದರೆ ಸ್ವಿಚ್ ಹತ್ತಿರ ಏನೂ ಇರುವುದಿಲ್ಲ.

ರ‍್ಯಾಮ್ ಬದಲಾಯಿಸಿದೆ. ಎರಡು ಸಲ ಫಾರ್ಮ್ಯಾಟ್ ಮಾಡಿಸಿದೆ. ವೈರಸ್ ಇದೆ ಎಂದು ಒಬ್ಬರು, ಕಂಪ್ಯೂಟರ್ ಆಯಸ್ಸು ಮುಗಿಯಿತು ಎಂದು ಇನ್ನೊಬ್ಬರು. ಏನು ಮಾಡಲಿ?

ಪೀಣ್ಯದಿಂದ

ದಯವಿಟ್ಟು ಮೂರನೇ ಸಲ ಫಾರ್ಮ್ಯಾಟ್ ಮಾಡಿಸಬೇಡಿ. ನಾನು ಹತ್ತು ಹನ್ನೆರಡು ವರ್ಷದಿಂದ ಮೆಷಿನ್ ಮೇಂಟೆನೆನ್ಸ್ ಮಾಡುತ್ತಿದ್ದೇನೆ. ಫಾರ್ಮ್ಯಾಟ್‌ನಿಂದ ಸರಿಹೋದ ಕೇಸ್ ಬಹಳ ಕಡಿಮೆ ನೋಡಿದ್ದೇನೆ. ಸರಿ ಇದ್ದ ಸೆಟ್ಟಿಂಗ್ ಕಳೆದುಕೊಂಡ ಕೇಸ್ ಜಾಸ್ತಿ.

ನೀವು ಒಂದು ಕಾಯಿಲೆ ಅಂದುಕೊಂಡಿದ್ದೀರಿ. ನನಗೆ ಎರಡು ಕಾಣುತ್ತಿವೆ. ರೀಸ್ಟಾರ್ಟ್ ಆಗುವುದು ಕರೆಂಟಿಗೋ ಬಿಸಿಗೋ ಸಂಬಂಧಪಟ್ಟದ್ದು. ಜರುಗುವುದು, ಸುಳ್ಳು ಲಿಮಿಟ್ ಬರುವುದು ಇವೆರಡೂ ಸಿಗ್ನಲ್ ವೈರಿನ ಕಥೆ ಇರಬಹುದು. ಎರಡನ್ನೂ ಕೂಡಿಸಿ ಹುಡುಕಿದರೆ ಎರಡೂ ಸಿಗುವುದಿಲ್ಲ.

ಇಷ್ಟು ನೋಡಿ ಹೇಳಿ. ವಿಂಡೋಸ್ ತನ್ನ ದಾಖಲೆ ಇಡುವ ಈವೆಂಟ್ ವ್ಯೂವರ್‌ನಲ್ಲಿ ರೀಸ್ಟಾರ್ಟ್ ಆದ ಹೊತ್ತಿಗೆ ಕರ್ನಲ್-ಪವರ್ 41 ಎಂಬ ಈವೆಂಟ್ ಇದೆಯಾ? ನೀಲಿ ಪರದೆಯ ದಾಖಲೆ ಇಲ್ಲದೆ ಬರೀ 41 ಇದ್ದರೆ, ಹೆಚ್ಚಾಗಿ ಕರೆಂಟ್ ಕೈಕೊಟ್ಟಿದೆ ಎಂದು ಅರ್ಥ. ಕ್ಯಾಬಿನೆಟ್ ತೆಗೆದು ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಸಿಪಿಯು ಫ್ಯಾನಿನ ಕೆಳಗೆ ಎಷ್ಟು ಮರದ ಹುಡಿ ಕೂತಿದೆ? ಕಂಪ್ಯೂಟರ್ ಪ್ಲಗ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಬರುತ್ತದೆ? ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಅದನ್ನು ಹಾಕಿಟ್ಟು, ದೊಡ್ಡ ಮೋಟಾರ್ ಆನ್ ಮಾಡಿದಾಗ ವೋಲ್ಟೇಜ್ ಎಲ್ಲಿಯವರೆಗೆ ಇಳಿಯುತ್ತದೆ ನೋಡಿ.

ಮತ್ತೆ ಮುಖ್ಯವಾದದ್ದು: ಫೆಬ್ರವರಿಗೆ ಮುಂಚೆ ವರ್ಕ್‌ಶಾಪ್‌ಗೆ ಹೊಸದಾಗಿ ಏನು ಬಂತು?

ಬೆಳಗಾವಿಯಿಂದ

ಇಷ್ಟೆಲ್ಲ ಯಾಕೆ? ಒಂದು ಹೊಸ ಲ್ಯಾಪ್‌ಟಾಪ್, ಜೊತೆಗೆ ಯುಎಸ್‌ಬಿ ಟು ಪ್ಯಾರಲಲ್ ಕೇಬಲ್. ಕೆಲಸ ಮುಗಿಯಿತು.

ಹುಬ್ಬಳ್ಳಿಯಿಂದ

ಮುಗಿಯುವುದಿಲ್ಲ ಸರ್. ಆ ಕೇಬಲ್ ಪ್ರಿಂಟರ್‌ಗೆ ಮಾಡಿದ್ದು. ಮ್ಯಾಕ್3 ಪೋರ್ಟಿನ ಒಂದೊಂದು ಪಿನ್ನನ್ನೂ ನೇರವಾಗಿ ಏರಿಸಿ ಇಳಿಸುತ್ತದೆ. ಕರ್ನಲ್ ಸ್ಪೀಡ್ (ಸೆಕೆಂಡಿಗೆ ಎಷ್ಟು ಸಲ ಎಂಬ ಸೆಟ್ಟಿಂಗ್) 25000 ಇಟ್ಟರೆ ಪ್ರತಿ 40 ಮೈಕ್ರೋಸೆಕೆಂಡಿಗೆ ಒಂದು ಸಲ ಅದಕ್ಕೆ ಸರದಿ ಸಿಗಬೇಕು. ಯುಎಸ್‌ಬಿ ಡೇಟಾವನ್ನು ಕಂತು ಕಂತಾಗಿ ಕಳಿಸುತ್ತದೆ, ಆ ಲೆಕ್ಕಕ್ಕೆ ಬರುವುದೇ ಇಲ್ಲ. ಜೊತೆಗೆ ಮ್ಯಾಕ್3ಯ ಪ್ಯಾರಲಲ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಲ್ಯಾಪ್‌ಟಾಪ್ ಬೇಕೇ ಬೇಕು ಅಂದರೆ ಮೋಟಾರ್‌ಗೆ ಹೆಜ್ಜೆ ಇಡಿಸುವ ಪಲ್ಸ್ ತಾನೇ ಹುಟ್ಟಿಸುವ ಮೋಷನ್ ಕಂಟ್ರೋಲರ್ ಹಾಕಬೇಕು. ಯುಎಸ್‌ಬಿಯದೂ ಬರುತ್ತದೆ, ಈಥರ್ನೆಟ್‌ನದೂ ಬರುತ್ತದೆ. ವಿಎಫ್‌ಡಿ (ಸ್ಪಿಂಡಲ್ ವೇಗ ಹಿಡಿತದಲ್ಲಿಡುವ ಡ್ರೈವ್) ಪಕ್ಕದಲ್ಲಿ ಇದ್ದರೆ ನನ್ನ ಓಟು ಈಥರ್ನೆಟ್‌ಗೆ, ಅದರ ಎರಡೂ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ವಿದ್ಯುತ್ ಗದ್ದಲ ತಡೆದುಕೊಳ್ಳುತ್ತದೆ.

ನಾನು ಲಿನಕ್ಸ್‌ಸಿಎನ್‌ಸಿ ಎಂಬ, ಮ್ಯಾಕ್3 ಥರದ ಸಾಫ್ಟ್‌ವೇರ್‌ಗೆ ಹೋದವನು. ಅಲ್ಲಿ ಲೇಟೆನ್ಸಿ ಟೆಸ್ಟ್ ಅಂತ ಇದೆ. ಅದನ್ನು ಓಡಿಸಿ, ಬೇರೆ ಕಿಟಕಿಗಳನ್ನು ಎಳೆದಾಡಿ, ಸಿನಿಮಾ ಹಾಕಿ, ಅರ್ಧ ಗಂಟೆ ಬಿಡಬೇಕು. ಜಿಟ್ಟರ್ (ಸರದಿ ಸಿಗುವ ಹೊತ್ತಿನ ಏರುಪೇರು) 20 ಮೈಕ್ರೋಸೆಕೆಂಡಿನೊಳಗೆ ಇದ್ದರೆ ಪ್ಯಾರಲಲ್ ಪೋರ್ಟಿಗೆ ಆ ಪಿಸಿ ಒಳ್ಳೆಯದು. 100 ದಾಟಿದರೆ ಕೈಬಿಡಿ. ತಮಾಷೆ ಅಂದರೆ ಹಳೇ ಡಬ್ಬ ಪಿಸಿ ಪಾಸಾಗಿ, ಹೊಸ ದುಬಾರಿ ಲ್ಯಾಪ್‌ಟಾಪ್ ಫೇಲ್ ಆದದ್ದನ್ನು ನಾನೇ ನೋಡಿದ್ದೇನೆ. ಕರೆಂಟ್ ಉಳಿಸುವ ಬುದ್ಧಿವಂತಿಕೆ ಲ್ಯಾಪ್‌ಟಾಪ್‌ಗೆ ಜಾಸ್ತಿ.

ಸಾಗರದಿಂದ

ಪೀಣ್ಯದವರು ಹೇಳಿದ್ದನ್ನೆಲ್ಲ ನೋಡಿದೆ.

ಈವೆಂಟ್ 41 ಸಾಲುಸಾಲಾಗಿ ಇದೆ. ನೀಲಿ ಪರದೆ ಒಂದೂ ಇಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಪವರ್ ಸಪ್ಲೈ) ಒಳಗೆ ಎರಡು ಕೆಪಾಸಿಟರ್ ಉಬ್ಬಿವೆ, ಒಂದರ ತಲೆಯಲ್ಲಿ ಕಂದು ಅಂಟು. ಫ್ಯಾನ್ ಕೆಳಗಿನ ಹುಡಿ ಬಗ್ಗೆ ಹೇಳಲು ನಾಚಿಕೆ, ಕಂಬಳಿ ಹೊದಿಸಿದ ಹಾಗಿತ್ತು.

ನ್ಯೂಟ್ರಲ್-ಅರ್ಥ್ ನಡುವೆ ಸುಮ್ಮನಿದ್ದಾಗ 11 ವೋಲ್ಟ್. ಹುಡಿ ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್ ಹಾಕಿದರೆ 17. ಹೌದು, ಹೊಸದಾಗಿ ಬಂದದ್ದು ಅದೇ. ಡಿಸೆಂಬರ್‌ನಲ್ಲಿ 3 ಎಚ್‌ಪಿ ಸಿಂಗಲ್ ಫೇಸ್ ಕಲೆಕ್ಟರ್ ತಂದೆ. ಅದು ಸ್ಟಾರ್ಟ್ ಆಗುವಾಗ ವೋಲ್ಟೇಜ್ 224ರಿಂದ 176ಕ್ಕೆ ಬೀಳುತ್ತದೆ.

ಒಂದು ಪರೀಕ್ಷೆ ನಾನೇ ಮಾಡಿದೆ. ಬಿಟ್ ತೆಗೆದು ಒಂದೇ ಫೈಲನ್ನು ಗಾಳಿಯಲ್ಲಿ ನಾಲ್ಕು ಸಲ ಓಡಿಸಿದೆ. ಸ್ಪಿಂಡಲ್, ಕಲೆಕ್ಟರ್ ಎರಡೂ ಬಂದ್ ಮಾಡಿ ಒಂದು ಸಲ. ಸ್ಪಿಂಡಲ್ ಮಾತ್ರ. ಕಲೆಕ್ಟರ್ ಮಾತ್ರ. ಆಮೇಲೆ ಎರಡೂ. ನಾಲ್ಕು ಸಲವೂ ಡಯಲ್ ಗೇಜ್ (ಎಷ್ಟು ಜರುಗಿದೆ ಎಂದು ತೋರಿಸುವ ಮೀಟರ್) ಸೊನ್ನೆಗೆ ವಾಪಸ್ ಬಂತು. ಅಂದರೆ ಜರುಗುವುದಕ್ಕೆ ಕಲೆಕ್ಟರ್ ಕಾರಣ ಅಲ್ಲ ಅಂತಾಯಿತು, ಅಲ್ವಾ?

ಪೀಣ್ಯದಿಂದ

ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ. ಒಂದು ಮಾತ್ರ ಬಿಟ್ಟುಹೋಗಿದೆ. ಗಾಳಿಯಲ್ಲಿ ಓಡಿಸಿದಾಗ ಕಲೆಕ್ಟರ್ ಪೈಪಿನೊಳಗೆ ಹುಡಿಯೇ ಇರಲಿಲ್ಲ!

ಒಣ ಹುಡಿ ಪ್ಲಾಸ್ಟಿಕ್ ಪೈಪನ್ನು ಉಜ್ಜಿಕೊಂಡು ಓಡುವಾಗ ಸ್ಟ್ಯಾಟಿಕ್ ಹುಟ್ಟುತ್ತದೆ. ಚಿಕ್ಕಂದಿನಲ್ಲಿ ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದ್ದು ನೆನಪಿದೆಯಾ, ಅದೇ ಆಟ, ಇಲ್ಲಿ ಸಾವಿರಾರು ವೋಲ್ಟ್‌ನಲ್ಲಿ. ಅದು ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಹಾರುತ್ತದೆ. ನಿಮ್ಮ ಪೈಪ್ ಕೇಬಲ್ ಚೈನಿಗೆ ಕಟ್ಟಿದ್ದೀರಾ? ಕಟ್ಟಿದ್ದರೆ ಪಕ್ಕದಲ್ಲೇ ಲಿಮಿಟ್ ಸ್ವಿಚ್ ವೈರ್, ಮೋಟಾರ್ ವೈರ್. ಕಿಡಿ ಹಾರಿದಾಗ ಮೋಟಾರ್ ಓಡಿಸುವ ಡ್ರೈವರ್‌ಗೆ ಅದು ಪಲ್ಸ್ ಥರ ಕಾಣಬಹುದು, ಮ್ಯಾಕ್3ಗೆ ಸ್ವಿಚ್ ಮುಟ್ಟಿದ ಥರ. ಮಧ್ಯಾಹ್ನ ಗಾಳಿ ಒಣಗಿದಾಗ ಜಾಸ್ತಿ ಆಗುತ್ತಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿ. ಕೆಲಸ ನಡೆಯುವಾಗ ಮುಂಗೈಯನ್ನು ಪೈಪಿನ ಹತ್ತಿರ ತನ್ನಿ, ರೋಮ ನಿಂತರೆ ಉತ್ತರ ಸಿಕ್ಕಿತು.

ಪೈಪಿನ ಸುರುಳಿ ಸ್ಟೀಲ್ ತಂತಿಯನ್ನು ಎರಡೂ ತುದಿಯಲ್ಲಿ ಎರಡಿಂಚು ಬಿಡಿಸಿ, ಒಂದು ತುದಿ ಮೆಷಿನ್ ಬಾಡಿಗೆ, ಇನ್ನೊಂದು ಕಲೆಕ್ಟರ್ ಬಾಡಿಗೆ ಬೋಲ್ಟ್ ಮಾಡಿ. ಸಾಧ್ಯವಾದರೆ ಪೈಪಿನೊಳಗೆ ಬರೀ ತಾಮ್ರದ ತಂತಿಯೊಂದನ್ನೂ ಉದ್ದಕ್ಕೆ ಬಿಡಿ. ಪೈಪನ್ನು ಚೈನಿನಿಂದ ಬಿಚ್ಚಿ ಮೇಲಿನಿಂದ ತೂಗುಹಾಕಿ.

ಮ್ಯಾಕ್3ಯಲ್ಲಿ ಡಿಬೌನ್ಸ್ (ಕ್ಷಣಮಾತ್ರದ ಸಿಗ್ನಲ್ ಕಡೆಗಣಿಸುವ ಸೆಟ್ಟಿಂಗ್) ನಂಬರ್ ಏರಿಸಿದರೆ ಸುಳ್ಳು ಲಿಮಿಟ್ ನಿಲ್ಲುತ್ತದೆ ಎಂದು ಯಾರಾದರೂ ಹೇಳುತ್ತಾರೆ. ನಿಲ್ಲುತ್ತದೆ ಕೂಡ. ಆದರೆ ಜರುಗುವುದು ಹಾಗೇ ಇರುತ್ತದೆ. ಎಚ್ಚರಿಕೆ ಗಂಟೆಗೆ ಬಟ್ಟೆ ಸುತ್ತಿದ ಹಾಗೆ.

ಇನ್ನು ಅರ್ಥಿಂಗ್. ಸ್ಟ್ಯಾಟಿಕ್ ಹರಿದುಹೋಗಲು ಭಾರಿ ಅರ್ಥಿಂಗ್ ಬೇಕಿಲ್ಲ. ವಿಎಫ್‌ಡಿಗೆ, ನಿಮ್ಮ ಜೀವಕ್ಕೆ ಬೇಕು. 17ರಲ್ಲಿ ಒಂದು ಪಾಲು ನ್ಯೂಟ್ರಲ್ ವೈರಿನಲ್ಲಿ ಬೀಳುವ ವೋಲ್ಟೇಜ್, ಕಲೆಕ್ಟರ್ ಕರೆಂಟ್ ಅದರ ಮೇಲೇ ಹೋಗುತ್ತಿದೆ. ಆದರೆ ಲೋಡ್ ಇಲ್ಲದಾಗಲೂ 11 ಅಂದರೆ ಅರ್ಥಿಂಗ್ ಗುಂಡಿ ಒಣಗಿದೆಯೇನೋ. ನಿಮ್ಮ ಕಡೆ ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಎಲ್ಲ ಸರಿ ಇರುತ್ತದೆ, ಶಿವರಾತ್ರಿ ಹೊತ್ತಿಗೆ ನೆಲ ಕಲ್ಲಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ. 5 ಓಮ್‌ನೊಳಗೆ ಬರಬೇಕು. ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅಳೆಸುವವರೆಗೆ ಓಡಿಸಲೇಬೇಡಿ.

ರೀಸ್ಟಾರ್ಟ್ ವಿಷಯ ಸುಲಭ. ಹಿಂಭಾಗದಲ್ಲಿ ಕೆಂಪು 115/230 ಸ್ವಿಚ್ ಇರುವ ಹಳೇ ಎಸ್‌ಎಂಪಿಎಸ್‌ಗಳಿಗೆ 180 ವೋಲ್ಟ್ ಆಸುಪಾಸಿನಲ್ಲೇ ಉಸಿರು ಕಟ್ಟುತ್ತದೆ. ನಿಮ್ಮಲ್ಲಿ 176, ಮೇಲಿಂದ ಉಬ್ಬಿದ ಕೆಪಾಸಿಟರ್. 100ರಿಂದ 240 ಎಂದು ಬರೆದಿರುವ ಒಳ್ಳೆ ಎಸ್‌ಎಂಪಿಎಸ್ ಹಾಕಿ. ಕಲೆಕ್ಟರ್‌ಗೆ ಮೇನ್ ಬೋರ್ಡಿನಿಂದಲೇ ಬೇರೆ ದಪ್ಪ ವೈರ್ ಎಳೆಸಿ.

ಮಂಗಳೂರಿನಿಂದ

ಯುಪಿಎಸ್ ಬಗ್ಗೆ ಒಂದು ಮಾತು, ನಾನು ಮಾಡಿಕೊಂಡ ಎಡವಟ್ಟು ಬೇರೆಯವರು ಮಾಡಿಕೊಳ್ಳುವುದು ಬೇಡ. ಕಂಪ್ಯೂಟರ್‌ಗೆ ಮಾತ್ರ ಯುಪಿಎಸ್ ಕೊಟ್ಟಿದ್ದೆ. ಕರೆಂಟ್ ಹೋಯಿತು, ಸ್ಪಿಂಡಲ್ ನಿಂತಿತು, ಸ್ಟೆಪ್ಪರ್ ನಿಂತಿತು. ಮ್ಯಾಕ್3 ಮಾತ್ರ ಏನೂ ಗೊತ್ತಿಲ್ಲದ ಹಾಗೆ ಜಿ-ಕೋಡ್ (ಮೆಷಿನ್‌ಗೆ ಸಾಲುಸಾಲಾಗಿ ಕೊಡುವ ಆಜ್ಞೆ) ಓಡಿಸುತ್ತಲೇ ಇತ್ತು. ಎರಡು ನಿಮಿಷಕ್ಕೆ ಕರೆಂಟ್ ಬಂತು. ಡ್ರೈವ್‌ಗಳು ಎದ್ದವು, ಸ್ಪಿಂಡಲ್ ಏಳಲಿಲ್ಲ. ನಿಂತ ಬಿಟ್ಟನ್ನು ಮರದೊಳಗೆ ಎಳೆದುಕೊಂಡು ಹೋಗಿ ಮುರಿಯಿತು. ಬಿಟ್ ಜೊತೆ ಕೆಲಸವೂ ಹೋಯಿತು.

ಈಗ ಮೇನ್ ಲೈನಿಗೆ ಒಂದು ರಿಲೇ (ಕಾಯಿಲ್‌ಗೆ ಕರೆಂಟ್ ಬಂದಾಗ, ಹೋದಾಗ ಬದಲಾಗುವ ಸ್ವಿಚ್) ಹಾಕಿದ್ದೇನೆ. ಅದರ ಕಾಂಟ್ಯಾಕ್ಟ್ ಎಮರ್ಜೆನ್ಸಿ ಸ್ಟಾಪ್ ಸಾಲಿನಲ್ಲಿ ಇದೆ. ಕರೆಂಟ್ ಹೋದ ಕ್ಷಣ ಮ್ಯಾಕ್3 ನಿಲ್ಲುತ್ತದೆ. ನಿಂತ ಸಾಲಿನ ನಂಬರ್ ಬರೆದುಕೊಂಡು, ಮತ್ತೆ ಹೋಮ್ ಮಾಡಿ (ಮೆಷಿನನ್ನು ಮೂಲ ಜಾಗಕ್ಕೆ ತಂದು), ನಾಲ್ಕು ಸಾಲು ಹಿಂದಿನಿಂದ 'ರನ್ ಫ್ರಮ್ ಹಿಯರ್' ಕೊಡುತ್ತೇನೆ. ಯುಪಿಎಸ್ ಉಳಿಸುವುದು ಹಾರ್ಡ್‌ಡಿಸ್ಕನ್ನು, ಬಾಗಿಲನ್ನಲ್ಲ.

ಹುಬ್ಬಳ್ಳಿಯಿಂದ

ಪಿಸಿ ತೆಗೆದಿರುವಾಗಲೇ ಮದರ್‌ಬೋರ್ಡಿನ ಸಿಎಂಒಎಸ್ ಸೆಲ್ ಬದಲಾಯಿಸಿ. ಸಿಆರ್2032, ಚಿಲ್ಲರೆ ಕಾಸಿನದು. ಅದು ಸತ್ತರೆ ಬಯಾಸ್ (ಪಿಸಿ ಶುರುವಾಗುವಾಗ ಓಡುವ ಮೂಲ ಪ್ರೋಗ್ರಾಂ) ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದಂತೆ ಆಗುತ್ತದೆ. ಪ್ಯಾರಲಲ್ ಪೋರ್ಟಿನ ಮೋಡ್ ಬದಲಾಗಬಹುದು, 378 ಎಂಬ ವಿಳಾಸ ಬದಲಾಗಬಹುದು, ನೀವು ಬಂದ್ ಮಾಡಿದ್ದ ಸ್ಪೀಡ್‌ಸ್ಟೆಪ್, ಸಿ-ಸ್ಟೇಟ್ ಎಂಬ ಕರೆಂಟ್ ಉಳಿಸುವ ಸೆಟ್ಟಿಂಗ್‌ಗಳು ಮತ್ತೆ ಆನ್ ಆಗಬಹುದು. ಆಗ ನೀವು ಮತ್ತೆ ಫಾರ್ಮ್ಯಾಟ್ ಮಾಡಿಸುತ್ತೀರಿ! ಬಯಾಸ್‌ನ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.

ಎಲ್ಲ ಸರಿಯಾಗಿ ಓಡಿದ ದಿನ ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರ್‌ನಲ್ಲಿ ಇಡೀ ಡಿಸ್ಕನ್ನು ಇನ್ನೊಂದು ಎಸ್‌ಎಸ್‌ಡಿಗೆ ಕಾಪಿ ಮಾಡಿ ಡ್ರಾಯರ್‌ನಲ್ಲಿ ಇಡಿ. ಮ್ಯಾಕ್3 ಫೋಲ್ಡರ್‌ನ ಎಕ್ಸ್‌ಎಂಎಲ್ ಪ್ರೊಫೈಲ್ ಬೇರೆ ಎರಡು ಕಡೆ ಇರಲಿ, ಮೋಟಾರ್ ಟ್ಯೂನಿಂಗ್ ಎಲ್ಲ ಅದರಲ್ಲೇ ಇರುವುದು. ಇಂಟರ್ನೆಟ್ ಕೊಡಬೇಡಿ, ವಿಂಡೋಸ್ 7ಗೆ 2020ರ ಜನವರಿಯಿಂದ ಅಪ್‌ಡೇಟ್ ಬರುವುದು ನಿಂತಿದೆ. ಪೆನ್‌ಡ್ರೈವ್ ಒಂದೇ ಇರಲಿ, ಗಿರಾಕಿ ತಂದದ್ದನ್ನು ಆ ಪಿಸಿಗೆ ಚುಚ್ಚಬೇಡಿ.

ಹಳೇ ಮದರ್‌ಬೋರ್ಡ್ ಸಿಕ್ಕರೆ ಒಂದು ಎತ್ತಿಟ್ಟುಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಪ್ಯಾರಲಲ್ ಪೋರ್ಟಿಗೆ ಪಿಸಿಐ ಕಾರ್ಡ್ ತರುವುದಾದರೆ ಪಿನ್‌ನಲ್ಲಿ 5 ವೋಲ್ಟ್ ಬರುತ್ತದಾ ಅಳೆದು ತನ್ನಿ, ಕೆಲವು 3.3 ಮಾತ್ರ ಕೊಡುತ್ತವೆ.

ಸಾಗರದಿಂದ

ಐದು ವಾರ ಆಯಿತು, ವರದಿ ಕೊಡುತ್ತಿದ್ದೇನೆ.

ರೋಮ ನಿಂತಿತು! ಅಷ್ಟೇ ಅಲ್ಲ, ನಮ್ಮ ಹುಡುಗನನ್ನು ಕೇಳಿದರೆ ‘ಎರಡು ತಿಂಗಳಿಂದ ಪೈಪ್ ಚುಟುಕ್ ಅನ್ನುತ್ತಿದೆ ಅಣ್ಣಾ’ ಎಂದ. ನನಗೆ ಯಾಕೆ ಹೇಳಲಿಲ್ಲ ಅಂದರೆ, ನೀವು ಕಂಪ್ಯೂಟರ್ ಬಗ್ಗೆ ಕೇಳಿದಿರಿ, ಪೈಪ್ ಬಗ್ಗೆ ಕೇಳಲಿಲ್ಲ ಅಂದ. ಏನು ಹೇಳುವುದು.

ಪೈಪಿನ ತಂತಿ ಎರಡೂ ಕಡೆ ಬೋಲ್ಟ್ ಮಾಡಿದ ದಿನದಿಂದ ಒಂದು ಸಲವೂ ಜರುಗಿಲ್ಲ, ಸುಳ್ಳು ಲಿಮಿಟ್ ಕೂಡ ಇಲ್ಲ. ನಂಬಿಕೆ ಬಾರದೆ ಒಂದು ಹಾಳು ಹಲಗೆ ಹಾಕಿ, ತಂತಿ ಬಿಚ್ಚಿ ಓಡಿಸಿದೆ. ಮುಕ್ಕಾಲು ಗಂಟೆಗೆ ಲಿಮಿಟ್ ಎಂದು ನಿಂತಿತು. ತಂತಿ ಹಾಕಿದೆ, ಸರಿಯಾಯಿತು.

ಅರ್ಥ್ 38 ಓಮ್ ಬಂತು. ಗುಂಡಿ ಅಗೆದರೆ ಬೂದಿಯ ಹಾಗೆ ಒಣಗಿತ್ತು. ಬಾವಿಯ ಪಕ್ಕ ಹೊಸ ಗುಂಡಿ ಮಾಡಿಸಿದೆ, ಈಗ 4. ನ್ಯೂಟ್ರಲ್-ಅರ್ಥ್ 2 ವೋಲ್ಟ್ ಒಳಗೆ ಇದೆ. ಹೊಸ ಎಸ್‌ಎಂಪಿಎಸ್, ಕಲೆಕ್ಟರ್‌ಗೆ ಬೇರೆ ಲೈನ್ ಆಯಿತು. ರೀಸ್ಟಾರ್ಟ್ ಮತ್ತೆ ಆಗಿಲ್ಲ. ಕಂಪ್ಯೂಟರನ್ನು ಗೋಡೆಯ ಆಚೆಗಿನ ರೂಮಿಗೆ ಸರಿಸೋಣ ಅಂದುಕೊಂಡಿದ್ದೆ, ಪ್ಯಾರಲಲ್ ಕೇಬಲ್ ಉದ್ದ ಮಾಡಬೇಡಿ ಎಂದು ಎಲೆಕ್ಟ್ರಿಷಿಯನ್ ತಡೆದರು. ಅದಕ್ಕೆ ಅಲ್ಲೇ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿ, ಗಾಳಿ ಒಳಗೆ ಬರುವ ಕಡೆ ಎಸಿ ಫಿಲ್ಟರ್ ಬಟ್ಟೆ ಹಾಕಿದೆ. ಶನಿವಾರ ಶನಿವಾರ ಒದರುತ್ತೇವೆ, ಆಗಲೇ ಅರ್ಥಿಂಗ್ ಗುಂಡಿಗೂ ಎರಡು ಕೊಡ ನೀರು.

ರಿಲೇ ಇನ್ನೂ ಹಾಕಿಲ್ಲ. ಅಂಗಡಿಯಲ್ಲಿ ಕೇಳಿದರೆ ಹತ್ತು ಥರ ತೋರಿಸಿದರು. ಯಾವುದು ತರಲಿ?

ಮಂಗಳೂರಿನಿಂದ

ಕಾಯಿಲ್ 230 ವೋಲ್ಟ್ ಎಸಿ ಇರುವುದು, 8 ಪಿನ್, ಬೇಸ್ ಸಮೇತ. ಕಾಯಿಲನ್ನು ಸ್ಪಿಂಡಲ್‌ನ ಲೈನಿಗೇ ಕೊಡಿ, ಯುಪಿಎಸ್ ಆದಮೇಲಿನ ಲೈನಿಗೆ ಕೊಟ್ಟುಬಿಟ್ಟೀರಿ! ಕಾಂಟ್ಯಾಕ್ಟ್ ನಾರ್ಮಲಿ ಓಪನ್ (ಕಾಯಿಲ್‌ಗೆ ಕರೆಂಟ್ ಇಲ್ಲದಾಗ ತೆರೆದಿರುವ) ಕಡೆಯದನ್ನು ತೆಗೆದುಕೊಳ್ಳಿ. ಹಾಕಿದ ಮೇಲೆ ಬಿಟ್ ತೆಗೆದಿಟ್ಟು, ಮೇನ್ ಸ್ವಿಚ್ ಇಳಿಸಿ ಒಂದು ಸಲ ನೋಡಿಬಿಡಿ.