‘ಟ್ರೇಡ್’ಗೆ ವರ್ಗವೋ, ಸಾಟಿಯೋ? ಐಸ್ ಹಾಕಿಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

2025ರ ಮಾರ್ಚ್ 7ರಂದು ನನ್ನ ಮಗ ಶಾಲೆಯಿಂದ ಬಂದವನು ಶೂ ಬಿಚ್ಚುವ ಮೊದಲೇ ಬಾಗಿಲಲ್ಲಿ ನಿಂತು ‘ಯಾರು ಹೋದರು?’ ಎಂದು ಕೇಳಿದ. ಊರಿನಿಂದ ಬಂದಿದ್ದ ನನ್ನ ಅಮ್ಮ ಬಿಡಿಸುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು ಎದ್ದು ನಿಂತರು. ಆ ಪ್ರಶ್ನೆಯನ್ನು ಅಷ್ಟು ಆತಂಕದಿಂದ ಕೇಳಿದರೆ ಕನ್ನಡದಲ್ಲಿ ಅದಕ್ಕಿರುವುದು ಒಂದೇ ಅರ್ಥ. ಯಾರೂ ತೀರಿಕೊಂಡಿಲ್ಲ, ಟೊರಾಂಟೊ ಮೇಪಲ್ ಲೀಫ್ಸ್ ತಂಡ ಯಾವ ಆಟಗಾರರನ್ನು ಬಿಟ್ಟುಕೊಟ್ಟಿತೆಂದು ಅವನು ಕೇಳುತ್ತಿದ್ದಾನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೂ ಎದೆ ಬಡಿದುಕೊಳ್ಳುತ್ತಿತ್ತು.

ಅಂದು ಕೆನಡಾ-ಅಮೆರಿಕಗಳ ಎನ್‌ಎಚ್‌ಎಲ್ ಐಸ್ ಹಾಕಿ ಲೀಗಿನಲ್ಲಿ ತಂಡಗಳ ನಡುವೆ ಆಟಗಾರರ ಅದಲುಬದಲಿಗೆ, ಅಂದರೆ ‘ಟ್ರೇಡ್’ಗೆ, ಕಡೆಯ ದಿನ. ಮಧ್ಯಾಹ್ನ ಮೂರಕ್ಕೆ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಲೀಫ್ಸ್ ತಂಡ ಬೋಸ್ಟನ್‌ನಿಂದ ಬ್ರ್ಯಾಂಡನ್ ಕಾರ್ಲೊನನ್ನು ತಂದು, ಬದಲಿಗೆ ಇಪ್ಪತ್ತು ವರ್ಷದ ಫ್ರೇಜರ್ ಮಿಂಟನ್‌ನನ್ನೂ ಹೊಸ ಹುಡುಗರನ್ನು ಆರಿಸಿಕೊಳ್ಳುವ ಎರಡು ಹಕ್ಕುಗಳನ್ನೂ ಕೊಟ್ಟಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ‘ಆ ಹುಡುಗನನ್ನು ಒಂದು ಮಾತು ಕೇಳಿದರೇನು?’ ಎಂದರು. ‘ಕೇಳುವುದಿಲ್ಲಮ್ಮ. ನನ್ನ ಒಪ್ಪಿಗೆ ಇಲ್ಲದೆ ಕಳಿಸಕೂಡದು ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದರೆ ಮಾತ್ರ ಕೇಳಬೇಕು’ ಎಂದೆ. ‘ಹಾಗಾದರೆ ಅವನಿಗೆ ವರ್ಗವಾಯಿತು ಅನ್ನು’ ಎಂದು ಅಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ. ಇಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಮಕ್ಕಳು ದಿನವಿಡೀ ಮಾತನಾಡುವುದು ಹಾಕಿಯ ಬಗ್ಗೆ. ಅದನ್ನೇ ಕನ್ನಡದಲ್ಲಿ ಬರೆಯಿರಿ ಎಂದು ಹೇಳಿ ಒಂದು ಪುಟ್ಟ ಪುಸ್ತಿಕೆ ತರುತ್ತಿದ್ದೇವೆ. 2026ರಲ್ಲಿ ಅದಲುಬದಲಿಗೆ ಕಡೆಯ ದಿನ ಮಾರ್ಚ್ 6. ಅದಕ್ಕೆ ಮೊದಲು ಪುಸ್ತಿಕೆ ಅವರ ಕೈಯಲ್ಲಿರಬೇಕು. ಕೆನಡಾದ ಹಾಕಿ ಪಂದ್ಯಗಳಿಗೆ 2008ರಿಂದ ಪಂಜಾಬಿಯಲ್ಲಿ ವೀಕ್ಷಕ ವಿವರಣೆ ಬರುತ್ತಿದೆ. ಪಂಜಾಬಿಗೆ ಒಗ್ಗಿದ್ದು ಕನ್ನಡಕ್ಕೆ ಒಗ್ಗದೆ ಇರುವುದಿಲ್ಲ. (ಕೊಡವ ಕುಟುಂಬಗಳು 1997ರಿಂದ ಆಡುತ್ತಿರುವ ಹಾಕಿ ಹಬ್ಬ ಮೈದಾನದ್ದು. ಆದ್ದರಿಂದ ಮೊದಲ ಸಲ ‘ಐಸ್ ಹಾಕಿ’ ಎಂದು ಬರೆದು, ಆಮೇಲೆ ಬರಿಯ ‘ಹಾಕಿ’ ಎನ್ನುತ್ತಿದ್ದೇವೆ.)

ಈಗ ಪದಗಳಿಗೆ ಬರುತ್ತೇನೆ.

‘ಟ್ರೇಡ್’ಗೆ ನಮ್ಮ ಕ್ರೀಡಾಪುಟಗಳಲ್ಲಿ ವಿನಿಮಯ, ವರ್ಗಾವಣೆ ಎರಡೂ ಓಡಾಡುತ್ತಿವೆ, ಹರಾಜಿನ ಸುದ್ದಿಯಾದರೆ ‘ಬಿಕರಿಯಾದರು’. ಇಲ್ಲಿ ಬಿಕರಿ ಸಲ್ಲುವುದಿಲ್ಲ. ಆಟಗಾರನ ಒಪ್ಪಂದ ಇದ್ದಂತೆಯೇ ಹೊಸ ತಂಡದ ಹೆಗಲಿಗೆ ಬೀಳುತ್ತದೆ, ಅವನಿಗೆ ಹೊಸ ಬೆಲೆ ಕಟ್ಟುವುದಿಲ್ಲ. 1988ರ ಆಗಸ್ಟ್ 9ರಂದು ಎಡ್ಮಂಟನ್ ತಂಡ ವೇಯ್ನ್ ಗ್ರೆಟ್ಜ್‌ಕಿಯನ್ನು ಲಾಸ್ ಏಂಜಲೀಸ್‌ಗೆ ಕೊಟ್ಟಾಗ ಆಟಗಾರರು ಮತ್ತು ಆಯ್ಕೆಯ ಹಕ್ಕುಗಳ ಜೊತೆಗೆ 1.5 ಕೋಟಿ ಡಾಲರ್ ನಗದನ್ನೂ ಎಣಿಸಿಕೊಂಡಿತ್ತು. ಅದನ್ನು ಮಾರಾಟ ಎಂದರೆ ನಾನು ತಕರಾರು ಮಾಡುವುದಿಲ್ಲ.

‘ವರ್ಗ’ ನನಗೆ ಹಿಡಿಸಿದ್ದು ಅದರ ವ್ಯಾಕರಣದಿಂದ. ‘ಅವನು ತಂಡ ಬದಲಿಸಿದ’ ಎಂದರೆ ಅವನೇ ಮನಸ್ಸು ಮಾಡಿ ಹೊರಟಂತೆ ಕೇಳುತ್ತದೆ. ‘ಅವನಿಗೆ ವರ್ಗವಾಯಿತು’ ಎಂದಾಗ ಅವನು ಚತುರ್ಥಿಯಲ್ಲಿ ನಿಲ್ಲುತ್ತಾನೆ. ಜ್ವರ ಬಂದಂತೆ, ಸುದ್ದಿ ಮುಟ್ಟಿದಂತೆ, ಅದು ಅವನಿಗೆ ಆಗುತ್ತದೆ. ನನ್ನ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಆದೇಶ ಬಂದ ಸಂಜೆ ಅಮ್ಮ ಮಾತಿಲ್ಲದೆ ಅಟ್ಟದಿಂದ ತಗಡಿನ ಟ್ರಂಕು ಇಳಿಸುತ್ತಿದ್ದರು. ಮಿಂಟನ್‌ನ ಹೆಸರು ಪರದೆಯ ಅಡಿಯಲ್ಲಿ ಸರಿದುಹೋದಾಗ ಅಮ್ಮನಿಗೆ ಕಂಡದ್ದು ಆ ಟ್ರಂಕೇ ಇರಬೇಕು. ಸಿಟ್ಟಿನಿಂದ ಸಾಗಹಾಕಿದರೆ ‘ಎತ್ತಂಗಡಿ’ ಎಂಬ ಪದವೂ ನಮ್ಮಲ್ಲಿ ಸಿದ್ಧವಾಗಿದೆ.

ಆದರೆ ವರ್ಗದಲ್ಲಿ ಕೊಡು-ಕೊಳ್ಳುವಿಕೆ ಇಲ್ಲ. ‘ಪರಸ್ಪರ ವರ್ಗಾವಣೆ’ ಎನ್ನೋಣವೆಂದರೆ ಅರ್ಥ ತಿರುಗಿಬೀಳುತ್ತದೆ, ಏಕೆಂದರೆ ಅದು ಇಬ್ಬರು ನೌಕರರು ತಾವೇ ಬಯಸಿ ಅರ್ಜಿ ಹಾಕಿಕೊಳ್ಳುವಂಥದ್ದು. ಆ ಕೊರತೆಯನ್ನು ತುಂಬಲು ‘ಸಾಟಿ’ ಎಂಬ ಹಳೆಯ ಪದವಿದೆ. ದವಸ ಕೊಟ್ಟು ದವಸ ತರುವ ಸಾಟಿ ವ್ಯಾಪಾರದ ಸಾಟಿ ಅದು. ‘ಸಾಟಿಯಿಲ್ಲದ’ ಎನ್ನುವಾಗಿನ ಸಮಾನತೆಯೂ ಅದರಲ್ಲಿ ಕೇಳಿಸುತ್ತದೆ. ‘ಕಾರ್ಲೊಗೆ ಸಾಟಿಯಾಗಿ ಏನು ಕೊಟ್ಟರು?’ ಎಂದು ಮಕ್ಕಳ ಮುಂದೆ ಹೇಳಿದೆ. ಯಾರೂ ಅರ್ಥ ಕೇಳಲಿಲ್ಲ. ತಂಡದ ಕಡೆಯಿಂದ ನೋಡಿದರೆ ಸಾಟಿ, ಆಟಗಾರನ ಕಡೆಯಿಂದ ನೋಡಿದರೆ ವರ್ಗ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಒಂದೇ ಪದ ಇರಬೇಕೆಂಬ ಹಟ ಬೇಡ ಎಂಬುದು ನನ್ನ ನಿಲುವು.

ಮುಂದಿನದು ‘ಸ್ಯಾಲರಿ ಕ್ಯಾಪ್’. ‘ವೇತನ ಮಿತಿ’ ಎಂದರೆ ಒಬ್ಬ ನೌಕರನ ಸಂಬಳಕ್ಕೆ ಕಟ್ಟಿದ ಮಿತಿ ಎನಿಸುತ್ತದೆ. ಇದು ಇಡೀ ತಂಡದ ಸಂಬಳದ ಮೊತ್ತಕ್ಕೆ ಹಾಕಿದ ಗೆರೆ. ಮಾಲೀಕರು ಮತ್ತು ಆಟಗಾರರ ಜಗಳದಲ್ಲಿ 2004-05ರ ಇಡೀ ಋತು ರದ್ದಾದ ಮೇಲೆ ಇದು ಬಂತು. 2005-06ರಲ್ಲಿ 3.9 ಕೋಟಿ ಡಾಲರ್ ಇದ್ದದ್ದು 2025-26ರಲ್ಲಿ 9.55 ಕೋಟಿ ಆಯಿತು. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡಕೂಡದೆಂಬ ಗೆರೆಯೂ ಇದೆ, 2025-26ರಲ್ಲಿ ಅದು 7.06 ಕೋಟಿ. ಆದ್ದರಿಂದ ಮೇಲ್ಮಿತಿ, ಕೆಳಮಿತಿ ಎಂಬ ಜೋಡಿಯನ್ನು ಬಳಸಿದ್ದೇನೆ. ಒಪ್ಪಂದದ ಒಟ್ಟು ಹಣವನ್ನು ವರ್ಷಗಳಿಂದ ಭಾಗಿಸಿ ಬರುವ ಸರಾಸರಿಯೇ ಮಿತಿಯ ಲೆಕ್ಕಕ್ಕೆ ಹಿಡಿಯುವ ಅಂಕಿ. ಅದನ್ನು ‘ಲೆಕ್ಕದ ಸಂಬಳ’ ಎಂದಿದ್ದೇನೆ. ಕೈಗೆ ಬರುವ ಸಂಬಳ ಒಂದೊಂದು ವರ್ಷ ಹೆಚ್ಚು ಕಡಿಮೆ ಆಗಬಹುದು.

ನನ್ನನ್ನು ಹೆಚ್ಚು ಕಾಡಿದ್ದು ‘ರಿಟೇನ್ಡ್ ಸ್ಯಾಲರಿ’, ಅಂದರೆ ಆಟಗಾರನನ್ನು ಬಿಟ್ಟುಕೊಟ್ಟ ಮೇಲೂ ತಂಡ ತನ್ನ ಲೆಕ್ಕದಲ್ಲೇ ಇಟ್ಟುಕೊಳ್ಳುವ ಅವನ ಸಂಬಳದ ಭಾಗ. ಮಿಕ್ಕೊ ರಾಂಟನೆನ್ ಎಂಬ ಆಟಗಾರ 2025ರ ಜನವರಿಯಲ್ಲಿ ಕೊಲೊರಾಡೊದಿಂದ ಕ್ಯಾರೊಲಿನಾಕ್ಕೆ, ಮಾರ್ಚ್ 7ರಂದು ಅಲ್ಲಿಂದ ಡಲ್ಲಾಸ್‌ಗೆ ಹೋದ. ಜನವರಿಯ ವ್ಯವಹಾರದಲ್ಲಿ ಶಿಕಾಗೊ ತಂಡ ಮೂರನೆಯದಾಗಿ ಸೇರಿಕೊಂಡು ಅವನ 92.5 ಲಕ್ಷ ಡಾಲರ್ ಲೆಕ್ಕದ ಸಂಬಳದಲ್ಲಿ ಅರ್ಧವನ್ನು ತನ್ನ ಮಿತಿಯೊಳಗೆ ಹಾಕಿಕೊಂಡಿತು. ಅವನು ಆ ತಂಡದ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡಲಿಲ್ಲ. ಇದನ್ನು ಒಬ್ಬ ಹುಡುಗಿ ‘ಶಿಕಾಗೊ ಅರ್ಧ ಸಂಬಳ ಉಳಿಸಿಕೊಂಡಿತು’ ಎಂದು ಬರೆದಳು. ನಿಘಂಟಿನ ಪ್ರಕಾರ ಅವಳದು ತಪ್ಪಲ್ಲ. ಆದರೆ ಕನ್ನಡದಲ್ಲಿ ಹಣ ಉಳಿಸಿಕೊಂಡರು ಎಂದರೆ ಖರ್ಚು ತಪ್ಪಿತು ಎಂದರ್ಥ, ಇಲ್ಲಿ ಆದದ್ದು ಅದಕ್ಕೆ ತಿರುವುಮುರುವು. ‘ಹೊತ್ತುಕೊಂಡ ಪಾಲು’ ಎಂದು ತಿದ್ದಿದ್ದೇನೆ. ಇದಕ್ಕಿಂತ ಬಿಗಿಯಾದ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಋತುವಿನ ಕಡೆಯಲ್ಲಿ ಒಪ್ಪಂದ ಮುಗಿಯಲಿರುವ ಆಟಗಾರನನ್ನು ಇಲ್ಲಿ ಬಾಡಿಗೆಯವನು ಎಂಬರ್ಥದಲ್ಲಿ ಕರೆಯುತ್ತಾರೆ. ಕನ್ನಡದಲ್ಲಿ ಬಾಡಿಗೆ ಮನುಷ್ಯ ಎಂದೊಡನೆ ಹಂತಕನ ನೆನಪಾಗುತ್ತದೆ. ‘ಎರವಲು’ ಎಂದರೆ ಹಿಂದಿರುಗಿಸಬೇಕು. ಹೀಗೆ ಹುಡುಕುವಾಗ ‘ಹಂಗಾಮಿ’ ಸಿಕ್ಕಿತು. ಕಚೇರಿಗಳಲ್ಲಿ ಹಂಗಾಮಿ ಎಂದರೆ ತಾತ್ಕಾಲಿಕ, ಹೊಲದಲ್ಲಿ ಹಂಗಾಮು ಎಂದರೆ ಬೆಳೆಯ ಕಾಲ. ಒಂದು ಹಂಗಾಮಿಗೆ ಬಂದು ಹೋಗುವ ಹಂಗಾಮಿ ಆಟಗಾರ. ಇದು ಸಿಕ್ಕ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

‘ಡೆಡ್‌ಲೈನ್’ಗೆ ಗಡುವು ಇದೆ, ಅದರ ಬಗ್ಗೆ ಚರ್ಚೆ ಬೇಡ.

ಕೊನೆಯದು ‘ಊಹಾಪೋಹ’. ಗಡುವಿನ ವಾರವಿಡೀ ಇಲ್ಲಿನ ಟಿವಿಯಲ್ಲಿ ಅದೇ ನಡೆಯುತ್ತದೆ. ಇಂದು ನಾವು ಈ ಪದವನ್ನು ಗಾಳಿಸುದ್ದಿ, ವದಂತಿಗಳ ಸಾಲಿಗೆ ಸೇರಿಸಿದ್ದೇವೆ. ಮೂಲದಲ್ಲಿ ಅದು ಊಹ ಮತ್ತು ಅಪೋಹ. ಒಂದು ಸಾಧ್ಯತೆಯನ್ನು ತರ್ಕದಿಂದ ಎತ್ತಿಕೊಳ್ಳುವುದು ಊಹ, ಸಲ್ಲದ್ದನ್ನು ತರ್ಕದಿಂದಲೇ ತಳ್ಳಿಹಾಕುವುದು ಅಪೋಹ. ನನ್ನ ಮಗ ಮಾಡುವುದು ಇದನ್ನೇ. ಸಂಬಳವನ್ನು ದಿನದ ಲೆಕ್ಕದಲ್ಲಿ ಎಣಿಸುವುದರಿಂದ, ಋತುವಿನ ಮೊದಲ ದಿನದಿಂದ ಮಿತಿಗಿಂತ ಹತ್ತು ಲಕ್ಷ ಡಾಲರ್ ಕೆಳಗೆ ಇದ್ದ ತಂಡ, ಕಾಲು ಭಾಗ ಋತು ಉಳಿದಿರುವಾಗ ವರ್ಷಕ್ಕೆ ನಲವತ್ತು ಲಕ್ಷದವನನ್ನು ತರಬಹುದು. ಮಗ ಹಳೆಯ ನೋಟ್‌ಬುಕ್ಕಿನಲ್ಲಿ ಹೀಗೆ ಕೂಡಿ ಕಳೆದು, ಇವನು ಬರಬಹುದು ಎಂದು ಗುರುತು ಹಾಕುತ್ತಾನೆ, ಅವನು ಬರಲಾರ ಎಂದು ಗೀಟು ಎಳೆಯುತ್ತಾನೆ. ಇದನ್ನು ವದಂತಿ ಎನ್ನಲು ನನಗೆ ಮನಸ್ಸಿಲ್ಲ. ಲೆಕ್ಕವಿದ್ದರೆ ಊಹಾಪೋಹ, ಲೆಕ್ಕವಿಲ್ಲದಿದ್ದರೆ ಗಾಳಿಸುದ್ದಿ ಎಂದು ಪುಸ್ತಿಕೆಯಲ್ಲಿ ಬೇರ್ಪಡಿಸಿದ್ದೇನೆ. ಪತ್ರಿಕೆಗಳಲ್ಲಿ ಪದದ ಅರ್ಥ ಇಷ್ಟು ಸವೆದಿರುವಾಗ ಮಕ್ಕಳಿಗೆ ಮೂಲಾರ್ಥವನ್ನೇ ಕಲಿಸುವುದು ಸರಿಯೇ? ಸಂಸ್ಕೃತ ಬಲ್ಲವರು ಹೇಳಬೇಕು.

‘ಸಾಟಿ’ ನಿಮ್ಮ ಕಡೆ ವ್ಯಾಪಾರದ ಅರ್ಥದಲ್ಲಿ ಇನ್ನೂ ಬಳಕೆಯಲ್ಲಿದೆಯೇ, ಅದರ ಜೊತೆ ಯಾವ ಕ್ರಿಯಾಪದ ಬರುತ್ತದೆ, ‘ಸಾಟಿ ಮಾಡಿದರು’ ಎನ್ನುತ್ತಾರೋ ‘ಸಾಟಿ ಹಾಕಿದರು’ ಎನ್ನುತ್ತಾರೋ ಎಂದು ಬರೆಯಿರಿ. ಕರಡು ಮುದ್ರಣಕ್ಕೆ ಹೋಗಲು ಇನ್ನು ಹತ್ತು ದಿನ ಇದೆ.