ಡೈನೊದಲ್ಲಿ 62 ಪಿಎಸ್ ಬಂದಿದೆ, ಎಂಜಿನ್ ಬಿಚ್ಚಿಸಬೇಕೇ?

ಪ್ರಶ್ನೆ (ಚಿಂಚವಾಡದಿಂದ)
ನಾನು ಮೂಲತಃ ಧಾರವಾಡದವನು, ಹನ್ನೊಂದು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಮುಂಬೈಯಿಂದ ಮರಳುವಾಗ ಖಂಡಾಲಾ ಘಾಟಿನಲ್ಲಿ ನನ್ನ 1.2 ಲೀಟರಿನ ಹಳೆಯ ಪೆಟ್ರೋಲ್ ಕಾರು ಮೊದಲಿನಂತೆ ಎಳೆಯುತ್ತಿಲ್ಲವೆಂದು ಅನಿಸಿದ್ದರಿಂದ ಒಂದು ಗ್ಯಾರೇಜಿನ ರೋಲರ್ ಡೈನೊ (ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳತೆ ಮಾಡಿಸಿದೆ. ಕಂಪನಿ ಹೇಳುವುದು 83 ಪಿಎಸ್ (ಅಶ್ವಶಕ್ತಿಯ ಅಳತೆ), ಚಾರ್ಟಿನಲ್ಲಿ ಬಂದದ್ದು 62. ಅಂದು 38 ಡಿಗ್ರಿ ಬಿಸಿಲಿತ್ತು. ಚಾರ್ಟಿನ ಮೂಲೆಯಲ್ಲಿ ತಿದ್ದುಪಡಿ ಗುಣಕ 1.00 ಎಂದಿದೆ. ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ (ಚಾಕಣದ ಎಂಜಿನ್ ಟೆಸ್ಟಿಂಗ್ ಉದ್ಯೋಗಿ)
ಸರ್, ದಯವಿಟ್ಟು ಈಗಲೇ ಬಿಚ್ಚಿಸಬೇಡಿ. 83 ಎಂಬುದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಲ್ಲಿ ಅಳೆದ ಶಕ್ತಿ, 62 ಚಕ್ರಕ್ಕೆ ತಲುಪಿದ ಶಕ್ತಿ. ನಡುವಿನ ಗೇರ್‌ಬಾಕ್ಸ್, ಟೈರುಗಳು ಸಾಮಾನ್ಯವಾಗಿ ಶೇ 10ರಿಂದ 15ರಷ್ಟನ್ನು ತಿಂದುಬಿಡುತ್ತವೆ. ಅಂದರೆ ನೀವು ನಿರೀಕ್ಷಿಸಬೇಕಾದದ್ದು 71ರಿಂದ 75. ಇನ್ನು ಗಾಳಿಯ ವಿಷಯ. ಗಾಳಿ ತೆಳುವಾಗಿ, ಬಿಸಿಯಾಗಿದ್ದಷ್ಟೂ ಎಂಜಿನ್ ಶಕ್ತಿ ಕುಗ್ಗುತ್ತದೆ, ಅದನ್ನು ಸರಿದೂಗಿಸುವುದೇ ತಿದ್ದುಪಡಿ ಗುಣಕ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ವಾಯುಭಾರ 950 ಹೆಕ್ಟೊಪಾಸ್ಕಲ್ ಆಸುಪಾಸಿನಲ್ಲಿರುತ್ತದೆ, ಆದರೆ ಎಂಜಿನ್ ಶಕ್ತಿ ಅಳೆಯುವ ಐಎಸ್‌ಒ 1585 ಮಾನದಂಡದ ಲೆಕ್ಕ 990 ಹೆಕ್ಟೊಪಾಸ್ಕಲ್ ಮತ್ತು 25 ಡಿಗ್ರಿಗೆ ನಿಂತಿದೆ. ಗುಣಕ 1.00 ಎಂದರೆ ತಿದ್ದುಪಡಿ ಮಾಡಿಯೇ ಇಲ್ಲವೆಂದರ್ಥ. ಸರಿಯಾಗಿ ಹಾಕಿದರೆ ಅದು 1.08ರ ಹತ್ತಿರ ಬರುತ್ತದೆ, ನಿಮ್ಮ 62 ಆಗ 67 ಆಗುತ್ತದೆ.

ಯಂತ್ರ ಸರಿಯಿದೆಯೇ ಎಂಬುದನ್ನೂ ಕೇಳಿ. ಬ್ರೇಕ್ ಹಾಕುವ ಡೈನೊ ಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಬ್ರೇಕಿಗೆ ಜೋಡಿಸಿದ ತೋಳಿನ ತುದಿಯ ಲೋಡ್ ಸೆಲ್ ಬಲವನ್ನು ಅಳೆಯುತ್ತದೆ, ಅದರಿಂದ ಟಾರ್ಕ್ (ತಿರುಗಿಸುವ ಬಲ) ಸಿಗುತ್ತದೆ, ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ನಾವು ಒಂದು ಮೀಟರಿನ ತೋಳಿಗೆ 10 ಕಿಲೋ ತೂಕ ತೂಗುಹಾಕಿ ಪರದೆಯಲ್ಲಿ 98.1 ನ್ಯೂಟನ್ ಮೀಟರ್ ಬರುವುದನ್ನು ನೋಡುತ್ತೇವೆ. ತೂಕಗಳನ್ನು ಒಂದೊಂದಾಗಿ ಏರಿಸಿ, ಹಾಗೆಯೇ ಇಳಿಸಿ ಓದುತ್ತೇವೆ. ಇಳಿಸುವಾಗ ಬೇರೆ ಅಂಕಿ ಬಂದರೆ ಎಲ್ಲೋ ಬೇರಿಂಗ್ ಹಿಡಿಯುತ್ತಿದೆಯೇ ಎಂದು ಹುಡುಕುತ್ತೇವೆ.

ಉತ್ತರ (ಭೋಸರಿಯ ಮೆಕ್ಯಾನಿಕ್)
ಮೇಲಿನವರ ಲೆಕ್ಕ ಒಪ್ಪುತ್ತೇನೆ, ಆದರೂ ನಾಲ್ಕೆಂಟು ಪಿಎಸ್ ಕಡಿಮೆಯೇ ಉಳಿಯುತ್ತದೆ. ರಿಂಗಿನ ಮಾತಿಗೆ ಮೊದಲು ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿಸಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಎಂದು ಸಂಶಯಿಸಬಹುದು.

ಜೊತೆಗೆ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಉಪಕರಣ) ಹಾಕಿ ಮತ್ತೊಮ್ಮೆ ಓಡಿಸಿ. ಒಂದೇ ಗೇರಿನಲ್ಲಿ ಎಂಜಿನ್ ಆರ್‌ಪಿಎಂ ಮತ್ತು ವೇಗದ ಅನುಪಾತ ಕೊನೆಯವರೆಗೂ ಬದಲಾಗಬಾರದು. ರೋಲರಿನ ವೇಗ ಮಾತ್ರ ಹಿಂದುಳಿದರೆ ಟೈರ್ ಜಾರುತ್ತಿದೆ. ಕಾರಿನ ವೇಗವೂ ಹಿಂದುಳಿದರೆ ಕ್ಲಚ್ ಜಾರುತ್ತಿದೆ.

ಪ್ರಶ್ನಿಸಿದವರಿಂದ
ಇಬ್ಬರಿಗೂ ಕೃತಜ್ಞತೆಗಳು. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ 12 ಬಾರ್ ಹತ್ತಿರವಿದೆ, ಅಂದರೆ ರಿಂಗಿನ ಮೇಲೆ ಸಂಶಯವಿಲ್ಲ. ಮೂರನೇ ಗೇರಿನಲ್ಲಿ 3000 ಆರ್‌ಪಿಎಂಗೆ 60 ಕಿಲೋಮೀಟರ್ ಇದ್ದ ವೇಗ 5500ಕ್ಕೆ 110 ಆಗಬೇಕಿತ್ತು, ಆದರೆ ರೋಲರಿನಲ್ಲೂ ಸ್ಕ್ಯಾನರಿನಲ್ಲೂ 104ಕ್ಕೇ ನಿಂತಿತು. ಕ್ಲಚ್ ಪ್ಲೇಟ್ ಬದಲಿಸಲು ಕೊಟ್ಟಿದ್ದೇನೆ. ಅದೇ ಡೈನೊ ಮೇಲೆ, ಅದೇ ಗೇರಿನಲ್ಲಿ, ಈ ಬಾರಿ ತಿದ್ದುಪಡಿ ಹಾಕಿಸಿ ಮತ್ತೆ ಅಳೆಸಿ ಚಾರ್ಟನ್ನು ಇಲ್ಲಿಯೇ ಹಾಕುತ್ತೇನೆ.