ಸಹಾಯ ಬೇಕು: ಗದಗಿಗೆ ಬರುವ ಗೆಳತಿಗೆ ರೊಟ್ಟಿ ಬಡಿಯೋದು, ಲಕ್ಕುಂಡಿ ತೋರಿಸೋದು

ಎಲ್ಲರಿಗೂ ನಮಸ್ಕಾರ. ಕೇರಳದ ಗೆಳತಿ ಎರಡು ದಿನಕ್ಕೆ ಬರ್ತಿದ್ದಾಳೆ, ವಾಸ್ತುಶಿಲ್ಪ ಓದಿದವಳು. ಜೋಳದ ರೊಟ್ಟಿ ತಾನೇ ಬಡಿದು ಕಲಿಯಬೇಕಂತೆ.

ಮೊದಲು ರೊಟ್ಟಿ. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಎರಡು ಬಟ್ಟಲು ನೀರು, ಚಿಟಿಕೆ ಉಪ್ಪು. ಎಸರು ಕುದಿಯುವಾಗಲೇ ಹಿಟ್ಟಿನ ನಡುವೆ ಸುರಿದು, ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದೋದು. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಬಿಸಿನೀರಿಗೆ ಪಿಷ್ಟ ಬೆಂದೇ ಜಿಗಿ ಬರಬೇಕು. ಇಷ್ಟು ಮಾಡಿದರೂ ಅಂಚು ಬಿರಿಯುತ್ತಿದೆ, ಹೆಂಚಿಗೆ ಹಾಕುವಾಗ ನಡುವೆ ಹರಿಯುತ್ತದೆ. ಹಿಟ್ಟು ಬೀಸಿ ತಿಂಗಳಾಗಿದೆ; ಹಳೇ ಹಿಟ್ಟೇ ಕಾರಣವಾ, ನಾದಿದ್ದು ಸಾಲದಾ? ಹೊಸಬರ ಕೈಗೆ ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿದರೆ ನಡೆಯುತ್ತಾ? ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ. ಅವು ಮಾಡೋಕೆ ನನಗೆ ಬರುತ್ತವೆ.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಆಮೇಲೆ ಕಾಶಿ ವಿಶ್ವೇಶ್ವರ, ಕೊನೆಗೆ ಮುಸುಕಿನ ಬಾವಿ ಅಂತ ಯೋಚನೆ. ಕಾಶಿ ವಿಶ್ವೇಶ್ವರದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಬಾಗಿಲವಾಡದ ಸಣ್ಣ ಕೆತ್ತನೆ ನೆರಳಲ್ಲಿ ಕಾಣಿಸೋದಿಲ್ಲ. ಓರೆ ಬಿಸಿಲು ಬೀಳೋದು ಬೆಳಗ್ಗೆ ಎಷ್ಟು ಹೊತ್ತಿಗೆ? ಬಾವಿಯ ಮೆಟ್ಟಿಲು ಈಗ ಇಳಿಯಬಹುದಾ, ಪಾಚಿ ಇದೆಯಾ?

ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳ ನೋಡದೆ ಅವಳನ್ನು ಕಳಿಸೋ ಮನಸ್ಸಿಲ್ಲ. ಲಕ್ಕುಂಡಿಯಿಂದ ನೇರ ಬಸ್ ಸಿಗುತ್ತಾ, ಗದಗಿಗೆ ವಾಪಸ್ ಬಂದೇ ಹೋಗಬೇಕಾ? ಇತ್ತೀಚೆಗೆ ಹೋಗಿಬಂದವರು ದಯವಿಟ್ಟು ತಿಳಿಸಿ.